ಎಡಗೈ ಸುತ್ತಿದ ತಂತಿ

ಸಲಾಕೆ ನಾಲ್ಕನೆಯ ಸಲ ಗಾಡಿಯಲ್ಲಿದ್ದ ಜೋಳದ ಕಣಿಕೆಯ ಸಿವುಡಿನೊಳಗೆ ಇಳಿಯಿತು. ಈ ಸಲ ಟಣ್ ಎಂದಿತು.

ತಪಾಸಣೆ ನಾಕಾದ ಜವಾನ ಕೈ ನಿಲ್ಲಿಸಿ ಗಾಡಿಯ ಮೇಲಿದ್ದವನನ್ನು ನೋಡಿದ. "ಏನ್ ಅದಾ ಒಳಗ?"

"ಕುಡ ಅದಾರೀ ಸಾಹೇಬ್ರ," ಎಂದ ಅಮೋಘಸಿದ್ದಪ್ಪ. ಈ ಮಾತನ್ನು ದುಬಲಗುಂಡಿಯಿಂದ ಹುಮನಾಬಾದಿನ ತನಕ ಬಾಯಲ್ಲಿ ಹೊರಳಿಸುತ್ತಲೇ ಬಂದಿದ್ದ. "ನೇಗಿಲ ಕುಡ. ಕಂಬಾರನ ಕಡೆ ಬಡಸಾಕ ಒಯ್ಯಾಕತ್ತೇನ್ರಿ."

"ತೆಗಿ, ನೋಡೂನು."

ಸಿದ್ದಪ್ಪ ಹೆಗಲಿನ ತನಕ ಕೈ ತೂರಿಸಿದ. ಬೆರಳಿಗೆ ಮೊದಲು ತಾಕಿದ್ದು ರೈಫಲ್ಲಿನ ನಳಿಗೆ. ಮೇ ತಿಂಗಳ ಬಿಸಿಲಿನಲ್ಲೂ ಅದು ತಣ್ಣಗಿತ್ತು. ಅದನ್ನು ದಾಟಿ ಕೆಳಗೆ ತಡಕಾಡಿ, ಮೊಂಡಾದ ಕುಡವನ್ನು ಹೊರಗೆಳೆದ. ಅದನ್ನು ಅಲ್ಲಿ ಇಡಿಸಿದ್ದು ಅವನ ತಂಗಿ ಕೇಶರಬಾಯಿ. ಸಲಾಕೆ ಕಬ್ಬಿಣಕ್ಕೆ ತಾಕಿದರೆ ತೋರಿಸಲು ಒಂದು ಕಬ್ಬಿಣ ಇರಲಿ ಎಂದಿದ್ದಳು.

ಜವಾನ ಕುಡವನ್ನು ತಿರುಗಿಸಿ ನೋಡಿ ಎಸೆದ. ಆಮೇಲೆ ಬುತ್ತಿಯ ಗಂಟನ್ನು ಬಿಚ್ಚಿದ. ಮೇಲಿನ ಎರಡು ರೊಟ್ಟಿ ತೆಗೆದುಕೊಂಡ. ಐದನೆಯ ರೊಟ್ಟಿಯ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ರೈಫಲ್ಲಿನ ಬೋಲ್ಟ್ ಇತ್ತು.

"ಚಟ್ನಿ ಇಲ್ಲೇನೋ?"

"ಮ್ಯಾಲೇ ಅದಾರಿ, ಎಲಿಯೊಳಗ."

ಜವಾನ ನಿಂತಲ್ಲೇ ತಿಂದು, ಗಾಡಿಯಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದ. ತಂಬಿಗೆಯ ಕೊರಳಿಗೆ ತಾಮ್ರದ ತಂತಿ ಸುತ್ತಿ ಹಿಡಿಕೆ ಮಾಡಿದ್ದರು. ತಂತಿಯ ತುದಿಯನ್ನು ಬಸವನಹುಳುವಿನಂತೆ ಸುರುಳಿ ಮಾಡಿ ಒತ್ತಿದ್ದರು. "ಯಾಂವ ಸುತ್ತಿದ್ದು ಇದು? ಎಲ್ಲಾ ಉಲ್ಟಾ ಅದಾ."

"ನಮ್ಮ ತಂಗಿ ಗಂಡ್ರಿ. ಎಡಚ ಅದಾನ."

"ಎಡಗೈಲೆ ಉಣ್ತಾನೇನು?" ಜವಾನ ನಕ್ಕ. ಸಿದ್ದಪ್ಪನೂ ನಕ್ಕ. ನಗು ಯಾವಾಗ ನಿಲ್ಲಿಸಬೇಕೆಂದು ತಿಳಿಯದೆ ಜವಾನ ನಿಲ್ಲಿಸುವ ತನಕ ನಕ್ಕ.

ಸೋಲಾಪುರದಲ್ಲಿ ಸ್ವಾತಂತ್ರ್ಯ ಬಂದು ಒಂಬತ್ತು ತಿಂಗಳಾಗಿತ್ತು. ಹುಮನಾಬಾದಿನಲ್ಲಿ ಆ ಶಬ್ದವನ್ನು ಜೋರಾಗಿ ಆಡುವಂತಿರಲಿಲ್ಲ. ಅಮಾವಾಸ್ಯೆಯೊಳಗೆ ದುಬಲಗುಂಡಿಗೆ ಬರುತ್ತೇವೆಂದು ರಜಾಕಾರರು ಹೇಳಿಕಳಿಸಿದ್ದರು. ಊರಿನಲ್ಲಿ ಬಂದೂಕು ಹಿಡಿಯಬಲ್ಲವನು ಹಂದಿ ಬೇಟೆಯ ಸಿದ್ದಪ್ಪ ಒಬ್ಬನೇ. ಅವನ ಹಂದಿ ಬಂದೂಕನ್ನು ಸರಕಾರ ಜಪ್ತಿ ಮಾಡಿತ್ತು; ಕೈಗೆ ಸಿಕ್ಕಿದ್ದು ಯಾವುದೋ ಹಳೆಯ ರೈಫಲ್ಲಿನ ಮೂರು ತುಣುಕು ಮಾತ್ರ. ಅವನ್ನು ಜೋಡಿಸುವುದೋ, ಇಡೀದು ತರಿಸುವುದೋ ಎಂದು ಕುಲಕರ್ಣಿ ಪಾಂಡುರಂಗನ ಕಾಳಿನ ಹಗೇವಿನ ಬಳಿ ಮೂರು ಮಧ್ಯಾಹ್ನ ವಾದ ನಡೆದಿತ್ತು.

"ಇಡೀ ರೈಫಲ್ ಸೋಲಾಪುರದಿಂದ ತರಸೂನು," ಎಂದಿದ್ದ ಪಾಂಡುರಂಗ. "ತುಣುಕ ಜೋಡಿಸಿದ್ದು ನಿನ್ನ ಮಾರಿ ಮ್ಯಾಲೇ ಸಿಡೀತದ. ಘಾಟಬೋರಾಳದ ಮಚ್ಚೇಂದ್ರ ನೋಡು, ಇಡೀದು ತಂದ. ಜೀವಂತ ಸೋಲಾಪುರದ ಕ್ಯಾಂಪ ಮುಟ್ಟ್ಯಾನ."

"ಇಡೀದು ನಾಕಾ ಹ್ಯಾಂಗ ದಾಟತದ್ರಿ?" ಎಂದಿದ್ದ ಸಿದ್ದಪ್ಪ. "ತುಣುಕಾದ್ರ ಒಂದು ಕಣಿಕ್ಯಾಗ, ಒಂದು ಬುತ್ಯಾಗ. ಬಂದೂಕಿನ ಜಾಲಿ ಹಿಡೀನ ಗಾಲಿಗೆ ಒಡ್ಡೋ ಕಟ್ಟಿಗಿ ಅಂತ ಗಾಡ್ಯಾಗ ಒಗದ್ರಾತು."

ಮಚ್ಚೇಂದ್ರನೆಂದರೆ ಕೇಶರಬಾಯಿಯ ಗಂಡ. ಎರಡು ತಿಂಗಳ ಹಿಂದೆ ಘಾಟಬೋರಾಳಕ್ಕೆ ಬೆಂಕಿ ಬಿದ್ದ ದಿನ ಅವನು ಹಳ್ಳ ದಾಟಿ ಹೋದದ್ದನ್ನು ಯಾರೋ ನೋಡಿದ್ದರಂತೆ. ಅಂದಿನಿಂದ ಕೇಶರಬಾಯಿ ಅಣ್ಣನ ಮನೆಯಲ್ಲಿದ್ದಳು. ಆ ತಂಬಿಗೆ ಬಿಟ್ಟು ಬೇರೆಯದರಲ್ಲಿ ನೀರು ಕುಡಿಯುತ್ತಿರಲಿಲ್ಲ. ಇವತ್ತು ಅದನ್ನು ತಾನೇ ತೊಳೆದು ಅಣ್ಣನ ಗಾಡಿಯಲ್ಲಿ ಇಟ್ಟಿದ್ದಳು.

ಹುಮನಾಬಾದಿನ ಪೇಟೆಯಲ್ಲಿ ಅಜೀಮುದ್ದೀನ್ ಬೀಗ ರಿಪೇರಿ ಮಾಡುತ್ತಿದ್ದ. ಅವನ ತಂದೆ ಕಲ್ಯಾಣಿಯ ಕಿಲ್ಲೆಯಲ್ಲಿ ಬಂದೂಕು ತಿದ್ದುತ್ತಿದ್ದವನು. ಸಿದ್ದಪ್ಪ ಅಂಗಡಿಯ ಮುಂದೆ ಗಾಡಿಯಿಂದ ಸಿವುಡು ಇಳಿಸಿದ್ದನ್ನು ನೋಡಿ, ಒಳಗೆ ಕರೆದು ಚಿಲಕ ಹಾಕಿದ.

"ಮತ್ತ ಹಂದಿ ಬಂದೂಕ ತಂದಿಯೇನೋ? ಅದನ್ನ ಮುಟ್ಟಿ ನಾ ಏಳ್ ಸಲ ಕೈ ತೊಳೀಬೇಕು."

"ಈ ಸಲ ಹಂದೀದಲ್ಲ, ಉಸ್ತಾದ."

ಅಜೀಮುದ್ದೀನನ ಮುಖದ ನಗೆ ಹೋಯಿತು. ಮೂರು ತುಣುಕನ್ನೂ ಚಾಪೆಯ ಮೇಲೆ ಇಟ್ಟು ನೋಡಿದ. ನಳಿಗೆಯನ್ನು ಚಿಮಣಿ ಎಣ್ಣೆಯಲ್ಲಿ ತೋಯಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದ. ಡಬ್ಬಿಯಿಂದ ಸುಣ್ಣದ ಪುಡಿ ತೆಗೆದು ಅದರ ಮೇಲೆಲ್ಲ ಸವರಿದ. ಇಬ್ಬರೂ ಕಾದರು. ಬೀದಿಯಲ್ಲಿ ಬೂಟುಗಳು ಹೋದವು. ಅವು ತಿರುವಿನಾಚೆ ಮರೆಯಾಗುವವರೆಗೆ ಅಜೀಮುದ್ದೀನನ ಕೈ ಡಬ್ಬಿಯ ಮೇಲೇ ಇತ್ತು.

ಬಿಳಿಯ ಪುಡಿಯ ಮೇಲೆ, ಗುಂಡು ಕೂರುವ ಕಡೆ, ಕೂದಲೆಳೆಯಂಥ ಗೆರೆಯೊಂದು ತಾನಾಗಿ ಮೂಡಿತು.

"ಸೀಳ್ಯದ," ಎಂದ ಅಜೀಮುದ್ದೀನ್. "ಸೀಳಿನ್ಯಾಗ ಉಳದ ಎಣ್ಣಿ ಹೊರಗ ಬರಾಕತ್ತದ, ನೋಡು. ಜೋಡಸಬಹುದು. ಆದ್ರ ಜೋಡಿಸಿದಾಂವs ಮೊದಲನೇ ಗುಂಡ ಹಾರಸಬೇಕು, ಇದು ನಮ್ಮ ಅಬ್ಬಾನ ಕಾಯ್ದೆ. ಅಬ್ಬಾ ಹಂಗs ಒಂದು ಕಣ್ಣ ಕಳಕೊಂಡ. ಈ ನಳಿಗಿ ನಾ ಹಾರಸೂದಿಲ್ಲ. ನೀನೂ ಹಾರಸಬ್ಯಾಡ."

ಸಿದ್ದಪ್ಪನಿಗೆ ತನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಂತೆ ಅನಿಸಿತು. "ಅಮಾಸಿಗೆ ಆರ್ ದಿನ ಉಳದದ, ಉಸ್ತಾದ. ಹೊಳ್ಳಿ ಹೋಗಿ ಏನ್ ಹೇಳ್ಲಿ? ಹಂಗಾದ್ರ ಇಡೀದು ಎಲ್ಲಿ ಸಿಗತದ, ಅದರs ಹೇಳು."

ಅಜೀಮುದ್ದೀನ್ ಪರದೆಯ ಕಡೆ ನೋಡಿದ. ಪರದೆಯ ಹಿಂದಿನಿಂದ ಅವನ ಹೆಂಡತಿ ವಜೀರಬಿಯ ದನಿ ಬಂತು. "ಕೊಟ್ಟು ಬಿಡ್ರಿ. ಅದು ಮನ್ಯಾಗ ಬಂದಾಗಿಂದ ನನಗ ಅನ್ನ ಇಳಿಯಾಕತ್ತಿಲ್ಲ. ರಜಾಕಾರರು ಬಂದು ಕೇಳಿದ್ರೂ ಸಾಯ್ತೀವಿ, ಅವರ ವೈರಿಗೋಳು ಬಂದು ನೋಡಿದ್ರೂ ಸಾಯ್ತೀವಿ."

ಅಜೀಮುದ್ದೀನ್ ರಜಾಯಿಗಳ ರಾಶಿ ಸರಿಸಿ, ಗೋಡೆಯ ಹಲಗೆ ತೆಗೆದು, ಗೋಣಿಯಲ್ಲಿ ಸುತ್ತಿದ್ದನ್ನು ಹೊರತೆಗೆದ. "ಇಡೀದs ಅದಾ. ರಿಪೇರಿಗೆ ಕೊಟ್ಟಿದ್ರು. ಕೊಟ್ಟಾಂವ ತಿಂಗಳಾದ್ರೂ ಹೊಳ್ಳಿ ಬಂದಿಲ್ಲ. ಬಂದ್ರ ಕಳುವಾತು ಅಂತೇನಿ, ಖುದಾ ನೋಡಕೋತಾನ. ರೊಕ್ಕಾ ಬ್ಯಾಡ. ಕಣಿಕ್ಯಾಗ ಹಾಕ್ಕೊಂಡು ನಡಿ. ನಾಕಾದವ್ರು ಊರ ಬಿಟ್ಟು ಹೋಗೂ ಗಾಡಿ ತಡವೂದಿಲ್ಲ."

ಸಿದ್ದಪ್ಪ ಕೈಗೆತ್ತಿಕೊಂಡ. ತೂಕ ಹಿತವಾಗಿತ್ತು. ಬೋಲ್ಟ್ ಎಣ್ಣೆಯಲ್ಲಿ ಸದ್ದಿಲ್ಲದೆ ಜಾರಿತು. ಭುಜಕ್ಕೆ ಏರಿಸಿದ. ಕೆನ್ನೆಯ ಕೆಳಗೆ ಏನೋ ಒರಟಾಗಿ ತಾಗಿತು.

ಹಿಡಿಯ ಮರ ಸೀಳಿದ ಕಡೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ಸುತ್ತು ಉಲ್ಟಾ ಇತ್ತು. ತುದಿಯನ್ನು ಬಸವನಹುಳುವಿನಂತೆ ಸುರುಳಿ ಮಾಡಿ ಒತ್ತಿದ್ದರು.

ಸಿದ್ದಪ್ಪ ರೈಫಲನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟ. "ಇದು ಎಲ್ಲೀದು?"

"ಯಾಕ ಬೇಕು ನಿನಗ?"

"ಎಲ್ಲೀದು, ಉಸ್ತಾದ?"

"ಘಾಟಬೋರಾಳದ ಹಳ್ಳದಾಗ ಸಿಕ್ತು ಅಂದ್ರು."

"ಹಿಡ್ಕೊಂಡಾಂವ?"

ಅಜೀಮುದ್ದೀನ್ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿಯೇ ಕೂತಿತ್ತು. ತೆಗೆದು ಮತ್ತೆ ಹಾಕಿದ.

"ನಮ್ಮ ಮಚ್ಚೇಂದ್ರಂದು," ಎಂದ ಸಿದ್ದಪ್ಪ. "ತಂಗಿ ಮನ್ಯಾಗs ಅದಾಳ. ಗಂಡ ಸೋಲಾಪುರದಾಗ ಅದಾನ ಅಂತ ತಿಳದಾಳ. ಗಾಡಿ ಬಂತಂದ್ರ ಊರ ಅಗಸಿಗೇ ಬಂದು ನಿಂದರತಾಳ. ಸಿವುಡ ಇಳಸಾಕ ಅಕೀನs ಕೈ ಹಾಕ್ತಾಳ."

ಹೊರಗೆ ಮತ್ತೆ ಬೂಟುಗಳು ಬಂದವು. ಈ ಸಲ ಬಾಗಿಲ ಮುಂದೆ ತಡೆದವು; ಯಾರೋ ಎತ್ತಿನ ಮೈ ಚಪ್ಪರಿಸಿದರು, ಆಮೇಲೆ ಬೂಟುಗಳು ಮುಂದೆ ಹೋದವು.

ಅಜೀಮುದ್ದೀನ್ ಇಕ್ಕಳ ಎತ್ತಿಕೊಂಡ. "ತಂತಿ ಬಿಚ್ಚತೇನಿ," ಎಂದು ಪಿಸುಗುಟ್ಟಿದ. "ಹೊಸಾದು ಸುತ್ತತೇನಿ, ನನ್ನ ಬಲಗೈಲೆ. ಮರಕ್ಕ ಬಣ್ಣಾ ಹಚ್ಚತೇನಿ. ಅಕೀಗೂ ಗುರ್ತ ಸಿಗೂದಿಲ್ಲ, ಸಿದ್ದಪ್ಪಾ. ಊರ ಉಳೀತದ. ತಗೊಂಡ್ ಹೋಗು."

ಸಿದ್ದಪ್ಪ ಸೀಳಿದ ನಳಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಸುಣ್ಣದ ಪುಡಿ ಧೋತರಕ್ಕೆ ಹತ್ತಿತು.

"ಒಲ್ಲೆ," ಎಂದ. "ಅಕೀಗ ಮೋಸಾ ಮಾಡಲಾರೆ, ಇದನ್ನs ಜೋಡಸು."