ಮಗಳ ಮಗನಲ್ಲಿ ಸಿಗದ ಗುರುತು

ಪಂಚರ್ ತಾತ ಅಂದರೆ ಬಸ್ ನಿಲ್ದಾಣದ ಸುತ್ತಮುತ್ತ ಗೊತ್ತಿಲ್ಲದವರಿಲ್ಲ. ಐವತ್ತು ವರ್ಷ ಸೈಕಲ್ ಟ್ಯೂಬಿಗೆ ತೇಪೆ ಹಾಕಿದ ಕೈ. ಆದರೆ 'ನಿಮ್ಮಪ್ಪ ಯಾರು?' ಅಂತ ಕೇಳಿದರೆ ಮಾತ್ರ ಅವರ ಬಾಯಿ ಕಟ್ಟುತ್ತಿತ್ತು. ಮೂರು ವರ್ಷದವರಿದ್ದಾಗ ರೈಲು ನಿಲ್ದಾಣದ ನೂಕುನುಗ್ಗಲಲ್ಲಿ ಕಳೆದುಹೋಗಿ, ಅನಾಥಾಲಯದಲ್ಲಿ ಬೆಳೆದವರು ಅವರು. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಮಗಳಿಗೆ ಒಂದೇ ಮಾತು: "ನಾನು ಯಾರ ಮನೆ ಮಗ ಅಂತ ಗೊತ್ತಾಗಿ ಸತ್ತರೆ ಸಾಕಮ್ಮಾ."

ಮಗಳು ಬಟ್ಟೆ ಹೊಲಿಯುವವಳು. ಡಿಎನ್‌ಎ ಪರೀಕ್ಷೆಯಿಂದ ಅಪ್ಪನ ಕಡೆಯ ವಂಶ ಪತ್ತೆ ಮಾಡಬಹುದೆಂದು ಯಾರೋ ಹೇಳಿದ್ದರು. ಅಣ್ಣನನ್ನು ಕೇಳಿದಳು. ಅಣ್ಣ ಲಾರಿ ಡ್ರೈವರ್, ಮಾತೆಲ್ಲ ಕಡ್ಡಿ ತುಂಡು ಮಾಡಿದ ಹಾಗೆ.

"ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರೆ. ನೀನು ಅಪ್ಪಂದು ಹುಡುಕ್ತೀಯಾ? ಎಂಥವರೋ ಏನೋ! ಮೊದಲೇ ಸೊರಗಿದ್ದಾರೆ, ಇನ್ನೊಂದು ಬಾಟ್ಲಿ ರಕ್ತ ತೆಗೆಸಬೇಡ."

ಅಪ್ಪನನ್ನು ನೋಯಿಸುವುದು ಅವಳಿಗೂ ಬೇಡವಾಗಿತ್ತು. ಮನೆಯಲ್ಲೇ ತಾತನ ಪಡಿಯಚ್ಚಿನಂಥ ಮಗ ಇದ್ದಾನಲ್ಲ, ಅದೇ ಮೂಗು, ಅದೇ ಮುಂಗೋಪ! ಕಾಲೇಜು ಓದುವ ಅವನನ್ನು ಒಪ್ಪಿಸಿ ಅವನ ಸ್ಯಾಂಪಲ್ ಕಳಿಸಿದಳು.

ಉತ್ತರ ಬರಲು ಆರು ವಾರ ಹಿಡಿಯಿತು. ಐದನೇ ವಾರ ಅಪ್ಪ ತೀರಿಕೊಂಡರು.

ಬಂದ ಕಾಗದ ಹಿಡಿದು ಅವಳು ಎದುರುಮನೆಯ ನರ್ಸಕ್ಕನ ಹತ್ತಿರ ಹೋದಳು. "ಅಕ್ಕಾ, ಇದರಲ್ಲಿ ನಮ್ಮ ಯಜಮಾನರ ದೊಡ್ಡಪ್ಪನ ಮಗನ ಹೆಸರಿದೆ! ಜಗಳ ಆಡಿ ಹತ್ತು ವರ್ಷ ಆಯ್ತು, ಇಲ್ಲೂ ಬಂದು ವಕ್ಕರಿಸಿದ್ದಾನೆ."

"ಯಾರ ಸ್ಯಾಂಪಲ್ ಕೊಟ್ಟೆ?"

"ನನ್ನ ಮಗಂದು."

"ಅಯ್ಯೋ, ಅವನು ನಿನ್ನ ಗಂಡನ ವಂಶ ಅಲ್ವೇನೇ? ಗಂಡುವಂಶದ ಗುರುತು ಅಪ್ಪನಿಂದ ಮಗನಿಗೆ ಮಾತ್ರ ಹೋಗೋದು. ನಿನಗೇ ಬಂದಿಲ್ಲ, ನಿನ್ನ ಮಗನಿಗೆ ಎಲ್ಲಿಂದ ಬರುತ್ತೆ?"

"ಅಪ್ಪನ ಮೂಗು ಬಂತು, ಕೋಪ ಬಂತು. ಅದೊಂದು ಬರಲಿಲ್ವಾ ಅಕ್ಕಾ?"

"ಅವರದ್ದೇ ಕೊಡಬೇಕಿತ್ತು. ರಕ್ತಾನೂ ಬೇಡ. ಕೆನ್ನೆ ಒಳಗೆ ಹತ್ತಿಕಡ್ಡಿ ಸವರಿದ್ರೆ ಮುಗೀತು, ಒಂದು ನಿಮಿಷದ ಕೆಲಸ."

ಒಂದು ನಿಮಿಷ! ತಿಂಗಳುಗಟ್ಟಲೆ ಅಪ್ಪನ ಮಂಚದ ಪಕ್ಕದಲ್ಲೇ ಕೂತಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು.

"ನಿಮ್ಮಣ್ಣನಲ್ಲಿ ಆ ಗುರುತಿದೆ," ಅಂದರು ನರ್ಸಕ್ಕ. "ಆದ್ರೆ ಇದು ತಾನಾಗೇ ಹೆಸರು, ವಿಳಾಸ ಹೇಳಲ್ಲ. ಅದೇ ವಂಶದ ಇನ್ನೊಬ್ಬ ಗಂಡಸು ಕೊಟ್ಟಿದ್ರೆ ತಾಳೆ ಆಗುತ್ತೆ. ಆಗದೇನೂ ಇರಬಹುದು."

ಅಣ್ಣ ಬಗ್ಗಲಿಲ್ಲ. ಆದರೆ ಅಪ್ಪನ ಮರಣ ಪ್ರಮಾಣಪತ್ರದ ಅರ್ಜಿ ತುಂಬುವಾಗ 'ಮೃತರ ತಂದೆಯ ಹೆಸರು' ಎಂಬಲ್ಲಿ ಅವನ ಪೆನ್ನು ನಿಂತಿತು. "ಗೊತ್ತಿಲ್ಲ ಅಂದ್ರೆ ಒಂದು ಗೆರೆ ಎಳೀರಿ," ಅಂದ ಗುಮಾಸ್ತ. ಅಪ್ಪನಂಥ ಅಪ್ಪನಿಗೆ ಒಂದು ಗೆರೆ! ಅಣ್ಣ ಗೆರೆ ಎಳೆದು, ನೇರ ನರ್ಸಕ್ಕನ ಮನೆಗೆ ಬಂದು, "ಎಲ್ಲಿ ಸವರ್ತೀರೋ ಸವರಿ," ಅಂತ ಬಾಯಿ ತೆರೆದು ಕೂತ. ಕಣ್ಣು ತುಂಬಿದ್ದವು.

ಈ ಸಲ ತಾಳೆಯಾಯಿತು. ಬೇರೊಂದು ಊರಿನ ಮೇಷ್ಟ್ರೊಬ್ಬರು, ಕಳೆದುಹೋದ ಚಿಕ್ಕಪ್ಪನಿಗಾಗಿ, ತಮ್ಮ ಸೋದರತ್ತೆಯ ಹಠಕ್ಕೆ ಸ್ಯಾಂಪಲ್ ಕೊಟ್ಟಿದ್ದರು. ಅಣ್ಣ ಫೋನ್ ಮಾಡಿದ. ರೈಲು ನಿಲ್ದಾಣವೂ ವರ್ಷವೂ ಸರಿಹೊಂದಿದವು. ಅಷ್ಟರಲ್ಲಿ ಆ ಮುದಿ ಅತ್ತೆ ಫೋನ್ ಕಿತ್ತುಕೊಂಡರು.

"ಅವನ ಕೈ ಬಿಟ್ಟಿದ್ದು ನಾನೇ ಮಗಾ. ನನಗಾಗ ಎಂಟು ವರ್ಷ. ಬೈತಾನೇನೋ, ಬೈಯಲಿ. ಒಂಚೂರು ಅವನಿಗೆ ಫೋನ್ ಕೊಡು."

ಅಣ್ಣ ಫೋನನ್ನು ಮೆಲ್ಲನೆ ತಂಗಿಯ ಕೈಗಿಟ್ಟ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ತಮ್ಮವರು ಯಾರೆಂದು ತಿಳಿಯದೆ ಕೊರಗುವ ಹಿರಿಯರಿದ್ದರೆ ಮೊದಲು ಅವರನ್ನೇ ಕೇಳಿ. ಒಪ್ಪದಿದ್ದರೆ ಬಲವಂತ ಬೇಡ. ಒಪ್ಪಿದರೆ ಅವರ ಸ್ಯಾಂಪಲ್ಲನ್ನೇ ಕೊಡಿ. ಗಂಡುವಂಶದ ಗುರುತು ಹುಡುಕುವ ಈ ಪರೀಕ್ಷೆಗೆ ಅಪ್ಪನ ಮಗನದ್ದಾದರೂ ಆದೀತು, ಮಗಳ ಮಗನದ್ದು ಆಗದು. ಆದರೆ ನಾಳೆ ನೋಡೋಣ ಅನ್ನಬೇಡಿ. ಫೋನಿನ ಆ ಕಡೆ ಕಾದು ಕೂತವರಿಗೆ 'ಇಗೋ, ಕೊಟ್ಟೆ' ಅನ್ನುವ ಭಾಗ್ಯ ನಿಮಗಾದರೂ ಇರಲಿ.