ಅಳತೆ ಬುಕ್ಕಿನ ಚರಿತ್ರೆ

"ಹದಿಮೂರು ಬುಕ್ಕು ಆಯ್ತು ಸೇಸಪ್ಪಣ್ಣ. ಮೊದಲನೆಯದ್ದು ಎಲ್ಲಿ?" ಜಯಪಾಲ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದ.

ಸೇಸಪ್ಪ ಹೊಲಿಗೆ ಮೆಷಿನ್ನಿನ ಖಾನೆಯಿಂದ ಅದನ್ನು ತೆಗೆದ, ಆದರೆ ಕೊಡಲಿಲ್ಲ. ಬಹರೈನಿನ ಗುದೈಬಿಯಾದ ಈ ಟೈಲರ್ ಅಂಗಡಿಯಲ್ಲಿ ಮೂವತ್ತೈದು ವರ್ಷ ಕೂತು ಅವನು ಬರೆದದ್ದೆಲ್ಲ ಅಳತೆ ಬುಕ್ಕುಗಳಲ್ಲೇ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳು. ತಿರುಗಿಸಿ ಹಿಡಿದರೆ ಬಹರೈನಿಗೆ ಬಂದ ಕರಾವಳಿಯವರ ಚರಿತ್ರೆ: ಯಾವ ಊರಿನವರು ಯಾವ ವರ್ಷ ಬಂದರು, ಮೊದಲ ಯಕ್ಷಗಾನ ಎಲ್ಲಾಯಿತು, ಅಸ್ಕರಿನ ಲೇಬರ್ ಕ್ಯಾಂಪಿನಲ್ಲಿ ಯಾರು ತೀರಿಕೊಂಡರು. ಶುಕ್ರವಾರ ಬಿಸಿಲಿನಲ್ಲಿ ನಡೆದು, ಮುಚ್ಚಿದ ಹೋಟೆಲುಗಳ ಬೋರ್ಡನ್ನೂ ನಕಲು ಮಾಡಿಕೊಂಡು ಬರುತ್ತಿದ್ದ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಜನ ನಕ್ಕದ್ದುಂಟು. ವಾದ ಬಿದ್ದರೆ ಓಡಿ ಬರುವುದು ಮಾತ್ರ ಇಲ್ಲಿಗೇ. ಅವನದೊಂದು ಹಠ: ಒಂದು ಬಾಯಿಯ ಮಾತು ಬರೆಯುವುದಿಲ್ಲ, ಎರಡು ಬಾಯಿ ಒಂದೇ ಹೇಳಬೇಕು. ಈಗ ಇಲ್ಲಿಯ ಕರಾವಳಿಯವರ ಸಂಘ ಆ ಚರಿತ್ರೆಯನ್ನು ಅಚ್ಚು ಹಾಕಿಸಲು ಹೊರಟಿತ್ತು.

"ಲಂಡನ್ನಿನಲ್ಲೂ ನಾನೂರು ವರ್ಷದ ಹಿಂದೆ ಒಬ್ಬ ಟೈಲರ್ ಇದ್ದನಂತೆ ಮಾರಾಯ್ರೆ. ಊರಿಡೀ ನಡೆದು ನಡೆದು ಚರಿತ್ರೆ ಬರೆದನಂತೆ. ನಮ್ಮ ಮಗಳು ಸುರಕ್ಷಾ ಸ್ಕೂಲಲ್ಲಿ ಓದಿದ್ದು" ಎಂದ ಸಂಘದ ಕಾರ್ಯದರ್ಶಿ ಜಯಪಾಲ. "ನಿಮ್ಮ ಹಾಗೇ."

"ಅವನಿಗೆ ಹೆಂಡತಿ ಇದ್ದಳಾ?"

ಜಯಪಾಲ ಚೀಲ ಕೆಳಗಿಟ್ಟು ಕೇಳಿದ, "ಪಂಕಜಕ್ಕನ ಹೆಸರು ಕೊನೆಗೆ ಸೇರಿಸುವಾ?"

"ಬೇಡ. ಅವಳು ಇಲ್ಲಿಗೆ ಬರ್ಲೇ ಇಲ್ಲ ಅಲ್ವಾ. ಇದು ಇಲ್ಲಿಯವರ ಬುಕ್ಕು."

ತೀರಿಕೊಂಡ ಹೆಂಡತಿ ಪಂಕಜಾಕ್ಷಿಯ ಬೊಜ್ಜದ ಕಾರ್ಯ ಮುಗಿಸಿ ಊರು ಕಿನ್ನಿಗೋಳಿಯಿಂದ ಬಂದು ಹನ್ನೆರಡು ದಿನವಾಗಿತ್ತು. ಅಳು ಬಂದಿರಲಿಲ್ಲ. ಊಟ, ಹೊಲಿಗೆ, ನಿದ್ದೆ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಅದೇ ಅವನಿಗೆ ಹೆದರಿಕೆ.

ಫೋನು ಬಂತು. ಊರಿನಿಂದ ಮಗಳು ನವ್ಯಶ್ರೀ.

"ಪಪ್ಪ, ಅಮ್ಮನ ಕಪಾಟು ತೆಗೆದೆ. ನೀವು ಹೊಲಿದ ರವಿಕೆ ಎಲ್ಲ ಎಂತ ಮಾಡುದು?"

"ಯಾರಿಗಾದ್ರೂ ಕೊಡು."

"ಕೊಡ್ಲಿಕ್ಕೆ ಆಗುದಿಲ್ಲ. ಎಲ್ಲದರ ಬದಿ ಬಿಚ್ಚಿ ಬೇರೆ ತುಂಡು ಸೇರಿಸಿದ್ದು. ಅಮ್ಮನಿಗೆ ಅದು ಹಿಡಿತಾನೇ ಇರ್ಲಿಲ್ಲ. ನಿಮಗೆ ಹೇಳ್ಬೇಡ ಅಂತ ಹೇಳಿದ್ದು. ಪಾಪ, ಅಷ್ಟು ಆಸೆಯಲ್ಲಿ ಹೊಲಿತಾರೆ ಅಂತ."

ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗುವಾಗ ಅವನು ಆರು ರವಿಕೆ ಹೊಲಿದು ಒಯ್ಯುತ್ತಿದ್ದ. ಟೇಪು ಕೈಗೆತ್ತಿಕೊಂಡರೆ ಸಾಕು, ಹೆಂಡತಿ ಹಳೆ ಅಳತೆಯೇ ಸರಿ ಉಂಟು ಎನ್ನುತ್ತಿದ್ದಳು. ಊರವರ ವಿಷಯಕ್ಕೆಲ್ಲ ಎರಡು ಬಾಯಿ ಕೇಳಿದವನು ಮನೆಯಲ್ಲಿ ಒಂದೇ ಬಾಯಿಯ ಮಾತು ನಂಬಿಬಿಟ್ಟಿದ್ದ.

"ಟೇಪು ಉಂಟಾ ಅಲ್ಲಿ? ಒಂದು ರವಿಕೆಯ ಎದೆ ಎಷ್ಟು ನೋಡು."

"ಈಗ ಯಾಕೆ ಪಪ್ಪ?"

"ಬುಕ್ಕಿನಲ್ಲಿ ತಪ್ಪು ಉಳಿಬಾರ್ದು."

ಸ್ವಲ್ಪ ಹೊತ್ತು ಕಪಾಟಿನ ಸದ್ದು. "ಮೂವತ್ತೆಂಟು."

"ಇನ್ನೊಂದು ರವಿಕೆ ತೆಗೆ."

"ಅದೂ ಮೂವತ್ತೆಂಟೇ." ಅವಳು ಅಳುತ್ತಿದ್ದಳು.

ಫೋನಿಟ್ಟು ಸೇಸಪ್ಪ ಬುಕ್ಕಿನ ಮೊದಲ ಪುಟ ತೆರೆದ. ಊರು ಬಿಡುವ ಹಿಂದಿನ ದಿನ ಬರೆದದ್ದು: ಪಂಕಜಾಕ್ಷಿ, ಎದೆ ಮೂವತ್ತೆರಡು. ಅದನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಮೂವತ್ತೆಂಟು ಎಂದು ಬರೆದು ಇವತ್ತಿನ ತಾರೀಕು ಹಾಕಿದ.

"ಈ ಕಡೆಯದ್ದು ಬರೀ ಅಳತೆ ಅಲ್ವಾ, ಅದನ್ನು ಸ್ಕ್ಯಾನ್ ಮಾಡುದಿಲ್ಲ" ಎಂದ ಜಯಪಾಲ, ಬುಕ್ಕು ತೆಗೆದುಕೊಳ್ಳುತ್ತ.

"ಮೊದಲ ಪುಟ ಒಂದು ಮಾಡಿ."

ಜಯಪಾಲ ಪುಟ ನೋಡಿದ. ಬುಕ್ಕನ್ನು ಚೀಲಕ್ಕೆ ಹಾಕಿ ತಲೆಯಾಡಿಸಿ ಹೋದ.

ಸೇಸಪ್ಪ ಕೊರಳಿನ ಟೇಪು ತೆಗೆದ. ಮೂವತ್ತೆಂಟರ ಗೆರೆಗೆ ತುದಿ ತಾಗಿಸಿ ಸುತ್ತು ಮಾಡಿ, ಎದುರು ನಿಂತವರ ಅಳತೆ ತೆಗೆಯುವ ಎತ್ತರದಲ್ಲಿ ಹಿಡಿದ. ಗಿರಾಕಿಯೊಬ್ಬರು ಬಾಗಿಲು ತಳ್ಳುವವರೆಗೂ ಹಾಗೆಯೇ ಹಿಡಿದುಕೊಂಡಿದ್ದ.