ನೊರೆ ಹೋದ ಮೇಲಿನ ಅರ್ಧ ಗಂಟೆ

ಹೊಳೆಗೆ ಯಾವಾಗ ಬಲೆ ಬೀಸಬೇಕೆಂದು ವೆಂಕಟಯ್ಯನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಿನ ಅಣೆಕಟ್ಟೆಯಲ್ಲಿ ಬಾಗಿಲು ಎತ್ತಿದರೆ ಮೂರು ಗಂಟೆಯೊಳಗೆ ನೀರು ಊರಿನ ಕಲ್ಲುಕಟ್ಟೆಯನ್ನು ಮುಟ್ಟುತ್ತಿತ್ತು. ಏರುವ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ನೀರು ಏರಿ ನಿಂತು, ಇನ್ನೇನು ಇಳಿಯಬೇಕು ಅನ್ನುವಾಗ ಮೀನುಗಳು ಕಟ್ಟೆಯ ಬುಡಕ್ಕೆ ಮೇಯಲು ಬರುತ್ತವೆ. ಆ ಹೊತ್ತನ್ನು ನಂಬಿಯೇ ಅವನು ಮೂವತ್ತು ವರ್ಷ ಬದುಕಿದ್ದ.

ಎರಡು ಸಾವಿರದ ಐದರ ಹೊತ್ತಿಗೆ ಹೊಳೆಯ ಮೇಲ್ದಂಡೆಯಲ್ಲಿ ಸಾಲಾಗಿ ಫ್ಯಾಕ್ಟರಿಗಳೆದ್ದವು. ಅಲ್ಲಿಂದಾಚೆಗೆ ಏರುವ ನೀರಿನ ಮೊದಲಿಗೇ ಕರಿನೊರೆ ಬರತೊಡಗಿತು. ನೊರೆ ಬಂದಾಗ ಮೀನುಗಳು ಬಾಯಿ ಬಿಟ್ಟುಕೊಂಡು ತೇಲುತ್ತಿದ್ದವು, ಕೈಯಲ್ಲೇ ಬಾಚಬಹುದಿತ್ತು. ಬೇಯಿಸಿದರೆ ಮಾತ್ರ ಸೀಮೆಎಣ್ಣೆ ವಾಸನೆ, ತಿಂದವರಿಗೆ ವಾಂತಿ. ಕೊಳ್ಳುವವರು ಒಬ್ಬೊಬ್ಬರಾಗಿ ಕೈಬಿಟ್ಟರು. ಉಳಿದದ್ದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ ಊಟ ಹಾಕುತ್ತಿದ್ದ ಅಮೀರುನ್ನೀಸಾ ಒಬ್ಬಳೇ. ನೊರೆ ಸರಿದು, ನೀರು ತಿಳಿಯಾಗಿ, ಬಾಗಿಲು ಇಳಿಸುವ ಮುಂಚೆ ಅರ್ಧ ಗಂಟೆ ಸಿಕ್ಕರೆ ಅವಳಿಗೆ ಕೊಡುವಂಥ ಮೀನು ಬೀಳುತ್ತಿತ್ತು.

ಮೂರು ವಾರದಿಂದ ಆ ಅರ್ಧ ಗಂಟೆ ಸಿಕ್ಕಿರಲಿಲ್ಲ. ಆ ಗುರುವಾರವೂ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಾದ. ನೊರೆ ಬಂತು, ಹೋಗಲಿಲ್ಲ. ನೀರು ಹಾಗೆಯೇ ಇಳಿಯತೊಡಗಿತು. ಸುತ್ತ ಮೀನುಗಳು ಬಾಯಿ ಬಿಡುತ್ತಿದ್ದವು. ವೆಂಕಟಯ್ಯ ಅತ್ತಿತ್ತ ನೋಡಿ, ಬಗ್ಗಿ, ಬುಟ್ಟಿ ತುಂಬಿಕೊಂಡ.

ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಮ್ಮ ಬುಟ್ಟಿ ನೋಡಿದವಳೇ, "ಇದು ನೊರೆ ಮೀನಲ್ವಾ?" ಅಂದಳು.

"ಹುಣಸೆಹಣ್ಣು ಹಾಕಿ ತೊಳಿ. ಒಸಿ ಅರಿಶಿನ ಹಚ್ಚು."

"ತೊಳುದ್ರೆ ಒಳಗಿರೋದು ಹೋದಾತಾ?"

"ಒಲೆ ಹಚ್ಚಿ ಎರಡು ದಿನ ಆಗೈತೆ. ಇನ್ನೇನ್ ಮಾಡ್ಲಿ, ನೀನೇ ಹೇಳು."

ಅವಳು ಬುಟ್ಟಿ ಎಳೆದುಕೊಂಡಳು. ಮೂರು ಸಲ ತೊಳೆದುಕೊಟ್ಟಳು.

ರಾಮನಗರದಲ್ಲಿ ಅಮೀರುನ್ನೀಸಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನೆಗಡಿ ಬಂದು ಮೂಗು ಕಟ್ಕೊಂಡೈತೆ ವೆಂಕಟಯ್ಯ, ವಾಸನೆ ಒಂದೂ ತಿಳೀತಿಲ್ಲ. ನೀವು ನೋಡಿ ತಂದಿರ್ತೀರಲ್ಲ, ಸಾಕು."

ದುಡ್ಡು ಕೈಗೆ ಬಂತು. ಒಳಗೆ ನೂಲು ತೆಗೆಯುವ ಬಿಸಿನೀರಲ್ಲಿ ಬೆಂದು ಬೆರಳು ಬೆಳ್ಳಗಾದ ಹೆಂಗಸರು ತಟ್ಟೆ ಹಿಡಿದು ಕೂತಿದ್ದರು. ವೆಂಕಟಯ್ಯ ಬೀದಿಯ ತಿರುವಿನವರೆಗೂ ಹೋದ. ಅಲ್ಲಿಂದ ಕಾಲು ಮುಂದಕ್ಕೆ ಬರಲಿಲ್ಲ. ಓಡುತ್ತಲೇ ವಾಪಸು ಬಂದಾಗ ಬಾಣಲೆಯಲ್ಲಿ ಎಣ್ಣೆ ಕಾದಿತ್ತು.

"ಹಾಕ್ಬೇಡಿ ಅಕ್ಕ. ನೊರೇಲಿ ಬಾಚಿದ್ದು ಅದು."

ಅವಳು ಒಲೆ ಆರಿಸಿದಳು. "ಗೊತ್ತಾಗ್ದಂಗೆ ತೊಳೆದೂ ತಂದಿದ್ದೀರ."

"ಹೂಂ."

"ಇಷ್ಟು ಜನ ನನ್ನ ನಂಬಿ ಉಣ್ತಾರೆ. ಹೇಳಿದ್ರಿ, ಒಳ್ಳೇದಾಯ್ತು. ಆದ್ರೆ ಇನ್ಮೇಲೆ ತರಬೇಡಿ. ನಂಗೆ ಧೈರ್ಯ ಬರಲ್ಲ."

ವೆಂಕಟಯ್ಯ ದುಡ್ಡನ್ನು ಒಲೆಯ ಕಟ್ಟೆಯ ಮೇಲಿಟ್ಟು ಬುಟ್ಟಿ ಎತ್ತಿಕೊಂಡ. ನಾಯಿ ತಿಂದೀತೆಂದು ದಾರಿಯಲ್ಲಿ ಗುಂಡಿ ತೋಡಿ ಮೀನನ್ನೆಲ್ಲ ಮುಚ್ಚಿದ. ಬಸ್ಸಿಗೆ ಕಾಸಿರಲಿಲ್ಲ. ನಡೆದುಕೊಂಡೇ ಊರು ಸೇರಿದ.

ಬರಿಗೈ ನೋಡಿ ಗಂಗಲಕ್ಷ್ಮಮ್ಮನಿಗೆ ಎಲ್ಲ ತಿಳಿಯಿತು. ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. "ನಾಳೆ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೋಗನ. ನಾನೂ ಬತ್ತೀನಿ. ಮೂಟೆ ಹೊರೋಕಾದ್ರೂ ಕರ್ಕೊಂಡಾರು."

"ಈ ವಯಸ್ಸಲ್ಲಿ ಯಾರು ಕರ್ಕೊತಾರೆ?"

"ಕೇಳಿ ನೋಡನ."

ವೆಂಕಟಯ್ಯ ನೀರಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅರ್ಧ ಕುಡಿದು, ಉಳಿದದ್ದನ್ನು ಅವಳ ಕಡೆಗೆ ಸರಿಸಿದ.